ಬೆಂಗಳೂರು ಅರಮನೆ ಮೊದಲು ಯಾರದ್ದು? ರಾಜರಿಗೆ ಹೇಗೆ ಬಂತು?

ಮೊದಲು ಅದು ಒಬ್ಬ ಮೇಷ್ಟ್ರದ್ದು! ರೆವರೆಂಡ್ ಗ್ಯಾರೆಟ್ ಅಂತ, ಮುಂದೆ ಸೆಂಟ್ರಲ್ ಕಾಲೇಜ್ ಆದ ಶಾಲೆಯ ಮೊದಲ ಪ್ರಿನ್ಸಿಪಾಲ್. 1862ರ ಹೊತ್ತಿಗೆ ಕಟ್ಟಲು ಶುರು ಮಾಡಿದವರೂ ಅವರೇ ಎನ್ನುತ್ತಾರೆ. 1873ರಲ್ಲಿ ಅವರಿಂದ ಅದನ್ನು 40,000 ರೂಪಾಯಿಗೆ ಮೈಸೂರು ರಾಜಮನೆತನಕ್ಕಾಗಿ ಬ್ರಿಟಿಷರು ಕೊಂಡರು.

ಮೈಸೂರಲ್ಲಿ ಅರಮನೆ ಇದ್ದೂ ಇಲ್ಲೊಂದು ಯಾಕೆ? 1831ರಿಂದ ರಾಜ್ಯದ ಆಡಳಿತ ಬ್ರಿಟಿಷರ ಕೈಲಿತ್ತು, ಕಚೇರಿಗಳೆಲ್ಲ ಬೆಂಗಳೂರಲ್ಲಿದ್ದವು. ರಾಜ ಹತ್ತನೇ ಚಾಮರಾಜೇಂದ್ರ ಒಡೆಯರ್ 1873ರಲ್ಲಿ ಇನ್ನೂ ಹತ್ತು ವರ್ಷದ ಹುಡುಗ. ಮುಂದೆ ರಾಜ್ಯ ಆಳಬೇಕಾದವರು ಇಲ್ಲೂ ಬಂದು ಇರಬೇಕಲ್ವಾ? ಅದಕ್ಕೇ ಹುಡುಗನ ಉಸ್ತುವಾರಿ ನೋಡುತ್ತಿದ್ದ ಬ್ರಿಟಿಷರು ಈ ಮನೆ ಕೊಂಡು, ದೊಡ್ಡದು ಮಾಡಿಸಿದರು. 1881ರಲ್ಲಿ ರಾಜ್ಯ ಚಾಮರಾಜೇಂದ್ರರ ಕೈಗೆ ವಾಪಸ್ ಬಂತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಆ ನಲವತ್ತು ಸಾವಿರ ಬಂದದ್ದು ಸರ್ಕಾರದ ಖಜಾನೆಯಿಂದ ಅಲ್ಲ, ಹುಡುಗನ ಸ್ವಂತ ಹಣದಿಂದ. ಹಾಗಾಗಿ ರಾಜರ ಆಳ್ವಿಕೆ ಮುಗಿದ ಮೇಲೂ ಅರಮನೆ ಮನೆತನದ ಸ್ವಂತ ಆಸ್ತಿಯಾಗೇ ಉಳಿಯಿತು. ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ 1974ರಲ್ಲಿ ತೀರಿಕೊಂಡ ಮೇಲೆ ಮಗ ಶ್ರೀಕಂಠದತ್ತ ಒಡೆಯರ್ ನೋಡಿಕೊಂಡರು. 1996ರಲ್ಲಿ ರಾಜ್ಯ ಸರ್ಕಾರ ವಶಕ್ಕೆ ಪಡೆಯಲು ಕಾನೂನು ತಂದಿತು. ಮನೆತನ ಕೋರ್ಟಿಗೆ ಹೋಯಿತು. ಆ ಜಗಳ ವರ್ಷಗಟ್ಟಲೆ ಎಳೆದಿದೆ.

ಈಗ ಟಿಕೆಟ್ ತಗೊಂಡು ಒಳಗೆ ಹೋಗಬಹುದು. ಗೋಡೆಯಿಂದ ಆನೆಯ ತಲೆಯೊಂದು ನಿಮ್ಮನ್ನೇ ನೋಡುತ್ತಿರುತ್ತದೆ. ಮಕ್ಕಳಿದ್ದರೆ ಸ್ವಲ್ಪ ಹೆದರಿಯಾರು!