ಎಫೆಸ 2ನ್ನು 9ನೇ ವಚನಕ್ಕೆ ನಿಲ್ಲಿಸಬೇಡಿ

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನಮ್ಮ ಅತ್ತೆಯ ಮುಖ ಕಣ್ಣ ಮುಂದೆ ಬಂತು. ನೀವು ಮಂಡ್ಯದ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಅನ್ನುವ ಪ್ರೊಟೆಸ್ಟಂಟ್ ಸಭೆಯ ಮನೆಯವರು, ಮದುವೆಯಾಗುವ ಹುಡುಗ ಕಥೋಲಿಕ. 'ಅವರು ಸತ್ಕ್ರಿಯೆಯಿಂದ ರಕ್ಷಣೆ ಅಂತಾರೆ, ನಾವು ನಂಬಿಕೆಯಿಂದ ಅಂತೀವಿ, ಅವರಿಗೆ ಯಾವ ವಚನ ತೋರಿಸಲಿ' ಅಂತ ಕೇಳಿದ್ದೀರಿ. ಯಾವುದನ್ನೂ ತೋರಿಸಬೇಡಿ. ನಾನು ತೋರಿಸಿದ್ದೆ.

ನನ್ನದು ಮೈಸೂರು, ವೆಸ್ಲಿಯನ್ (ಮೆಥಡಿಸ್ಟ್) ಮಿಷನ್ ಕಾಲದಿಂದ ಬಂದ ಪ್ರೊಟೆಸ್ಟಂಟ್ ಮನೆತನ. ಕೊಟ್ಟಿದ್ದು ಅಶೋಕ ರಸ್ತೆಯ ಫಿಲೋಮಿನಾ ಚರ್ಚಿಗೆ ಹೋಗುವ ಕಥೋಲಿಕ ಮನೆಗೆ. ಮಾವ ತೀರಿಕೊಂಡ ತಿಂಗಳಿಗೆ ಅತ್ತೆ ಅವರ ಆತ್ಮಕ್ಕಾಗಿ ಬಲಿಪೂಜೆ ಹೇಳಿಸಿ ಬಡವರಿಗೆ ಊಟ ಹಾಕಿಸಿದರು. ಅವತ್ತು ರಾತ್ರಿ ಪಾತ್ರೆ ತೊಳೆಯುತ್ತಾ ಅಂದುಬಿಟ್ಟೆ: "ಅತ್ತೆ, ಹೀಗೆಲ್ಲ ಮಾಡಿದ್ರೆ ಮಾವನಿಗೆ ರಕ್ಷಣೆ ಸಿಗಲ್ಲ. ಎಫೆಸ 2:8-9 ನೋಡಿ, ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ, ಕ್ರಿಯೆಗಳಿಂದಲ್ಲ ಅಂತಿದೆ." ಅವರು ಕೈ ಒರೆಸಿಕೊಂಡು ಒಳಗೆ ಹೋದರು. ಆಮೇಲೆ ಎರಡು ವರ್ಷ, ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ.

ಸಾವಿನ ಮನೆಯಲ್ಲಿ ಆಡಬಾರದ ಮಾತು ಅದು, ಸರಿ. ಆದರೆ ನಾನು ಹೇಳಿದ ವಿಷಯವೇ ತಪ್ಪಾಗಿತ್ತು. ಕಥೋಲಿಕರ ಬೋಧನೆಯಲ್ಲಿ ಶುದ್ಧೀಕರಣದ ಸ್ಥಿತಿ, ಅಂದರೆ ಸತ್ತ ಮೇಲೆ ಸ್ವರ್ಗ ಸೇರುವ ಮುಂಚಿನ ಶುದ್ಧಿ, ಇರುವುದು ದೇವರ ಸ್ನೇಹದಲ್ಲಿ ತೀರಿಕೊಂಡವರಿಗೆ. ಅವರ ರಕ್ಷಣೆ ಆಗಲೇ ಖಚಿತವಾಗಿರುತ್ತದೆ, ಉಳಿದಿರುವುದು ಶುದ್ಧಿ ಮಾತ್ರ. ಅಂದರೆ ಅತ್ತೆ ಮಾವನಿಗೆ ರಕ್ಷಣೆ ಕೊಂಡುಕೊಳ್ಳಲು ಊಟ ಹಾಕಿಸಿರಲಿಲ್ಲ. ಎರಡು ವರ್ಷದ ಮೇಲೆ ಅವರೇ ಹೇಳಿದರು: "ಅವರು ದೇವರ ಕೈಯಲ್ಲಿದ್ದಾರೆ ಅಂತ ವಿಶ್ವಾಸ ಇರೋದಕ್ಕೇ ಕಣಮ್ಮ ನಾನು ಪೂಜೆ ಹೇಳಿಸಿದ್ದು." ಶುದ್ಧೀಕರಣದ ಬೋಧನೆಯನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಆದರೆ ಅವರು ನಂಬದೇ ಇದ್ದದ್ದನ್ನು ಅವರ ತಲೆಗೆ ಕಟ್ಟಿ ಖಂಡಿಸಿದ್ದೆ.

ವಚನದಲ್ಲೂ ತಪ್ಪಿದ್ದೆ. 9ಕ್ಕೆ ನಿಲ್ಲಿಸಿದ್ದೆ. 10ನೇ ವಚನದಲ್ಲಿ, ಸತ್ಕ್ರಿಯೆಗಳನ್ನು ಮಾಡಲಿಕ್ಕೆಂದೇ ಕ್ರಿಸ್ತನಲ್ಲಿ ನಮ್ಮನ್ನು ಸೃಷ್ಟಿಸಲಾಗಿದೆ ಅಂತಿದೆ. ಮೂರನ್ನೂ ಒಟ್ಟಿಗೆ ಓದಿದರೆ ಆ ರಾತ್ರಿಯ ನನ್ನ ವಾದ ಅಲ್ಲೇ ಬಿದ್ದುಹೋಗುತ್ತದೆ.

ಕಥೋಲಿಕರದ್ದು 'ಕ್ರಿಯೆಯಿಂದ ರಕ್ಷಣೆ' ಅನ್ನುವ ನಿಮ್ಮ ಮಾತೂ ನಿಲ್ಲುವುದಿಲ್ಲ. ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಲೂಥರನಿಗೆ ಉತ್ತರವಾಗಿ ಕಥೋಲಿಕರ ಟ್ರೆಂಟ್ ಮಹಾಸಭೆ 1547ರ ಜನವರಿ 13ರಂದು ನೀತೀಕರಣದ ಬಗ್ಗೆ, ಅಂದರೆ ಮನುಷ್ಯ ದೇವರ ಮುಂದೆ ನೀತಿವಂತನಾಗುವುದರ ಬಗ್ಗೆ, 33 ಖಂಡನೆಗಳನ್ನು ಹೊರಡಿಸಿತು. ಅದರಲ್ಲಿ ಮೊದಲನೆಯದು ಯಾರ ಮೇಲೆ ಗೊತ್ತೇ? ಕ್ರಿಸ್ತನ ಮೂಲಕ ಬರುವ ದೈವಕೃಪೆಯಿಲ್ಲದೆ, ಸ್ವಂತ ಕ್ರಿಯೆಗಳಿಂದ ಮನುಷ್ಯ ದೇವರ ಮುಂದೆ ನೀತಿವಂತನಾಗಬಹುದು ಅನ್ನುವವರ ಮೇಲೆ. 'ನಂಬಿಕೆ ಮಾತ್ರ' ಅನ್ನುವುದರ ಖಂಡನೆ ಬರುವುದು ಆ ಪಟ್ಟಿಯಲ್ಲಿ ಒಂಬತ್ತನೆಯದಾಗಿ.

ಹಾಗಾದರೆ ವ್ಯತ್ಯಾಸ ಇಲ್ಲವೇ? ಇದೆ, ಆದರೆ ಬೇರೆ ಕಡೆ. ನಮ್ಮವರ ಪ್ರಕಾರ ದೇವರು ಕ್ರಿಸ್ತನ ನೀತಿಯನ್ನು ನಮ್ಮ ಲೆಕ್ಕಕ್ಕೆ ಬರೆದು ನೀತಿವಂತರೆಂದು ತೀರ್ಪು ಕೊಡುತ್ತಾನೆ. ಅದು ಒಮ್ಮೆಗೇ ಪೂರ್ತಿ. ಒಳ್ಳೆಯ ಬಾಳು ಅದರ ಫಲ. ಅವರ ಪ್ರಕಾರ ದೇವರು ನೀತಿಯನ್ನು ನಮ್ಮೊಳಗೇ ಹೊಯ್ಯುತ್ತಾನೆ, ಅದಕ್ಕೇ ಅವರ ಮನೆಗಳಲ್ಲಿ ಕೃಪೆಗೆ ವರಪ್ರಸಾದ ಅನ್ನುವ ಮಾತು. ಒಳಗಿರುವುದು ಬೆಳೆಯಲೂಬಹುದು, ಸಾಯಲೂಬಹುದು. ಕೃಪೆಯ ಬಲದಿಂದ ಮಾಡಿದ ಕ್ರಿಯೆ ಅದನ್ನು ಬೆಳೆಸುತ್ತದೆ, ಮಾರಕ ಪಾಪ ಕಳೆಯುತ್ತದೆ, ಪಾಪನಿವೇದನೆ ಮತ್ತೆ ಸೇರಿಸುತ್ತದೆ. ಜಗಳವಾಡಲೇಬೇಕಿದ್ದರೆ ಇಲ್ಲಿ ಆಡಿ: ಲೆಕ್ಕಕ್ಕೆ ಬರೆಯುವುದೋ, ಒಳಗೆ ಹೊಯ್ಯುವುದೋ? ಬೆಳೆಯುತ್ತದೆಯೋ ಇಲ್ಲವೋ? ಮೊದಲ ಕೃಪೆಯನ್ನು ಯಾರೂ ಸಂಪಾದಿಸಲಾರರು ಅನ್ನುವುದರಲ್ಲಿ ಎರಡೂ ಕಡೆಯವರದು ಒಂದೇ ಮಾತು.

ಅವರು ಯಾಕೋಬ 2:24 ತೆಗೆದರೆ ಗಾಬರಿ ಬೀಳಬೇಡಿ. 'ಬರೀ ನಂಬಿಕೆಯಿಂದಲ್ಲ' ಅನ್ನುವ ಅಲ್ಲಿನ ನಂಬಿಕೆ ಎಂಥದ್ದು ಅಂತ 19ನೇ ವಚನ ಹೇಳುತ್ತದೆ, ದೆವ್ವಗಳಿಗೂ ಇರುವಂಥದ್ದು. ಪೌಲ ಹೇಳುವುದು ಪ್ರೀತಿಯಿಂದ ಕೆಲಸ ಮಾಡುವ ನಂಬಿಕೆ, ಗಲಾತ್ಯ 5:6. ಇನ್ನು ಮನುಷ್ಯ ನಂಬಿಕೆಯಿಂದ ನೀತಿವಂತನಾಗುತ್ತಾನೆ ಅನ್ನುವ ರೋಮಾ 3:28ರಲ್ಲಿ 'ಮಾತ್ರ' ಅನ್ನುವ ಪದ ಗ್ರೀಕ್ ಮೂಲದಲ್ಲಿಲ್ಲ, ಲೂಥರ್ 1522ರ ಜರ್ಮನ್ ಅನುವಾದದಲ್ಲಿ ಸೇರಿಸಿದ್ದು. 'ನಂಬಿಕೆಯಿಂದ' ಎನ್ನುವುದನ್ನು ನಾವು 'ನಂಬಿಕೆಯಿಂದಲೇ' ಅಂದ ಹಾಗೆ. ಪೌಲನ ವಾದದ ಅರ್ಥ ಅದೇ ಅಂತ ನನ್ನ ಅಭಿಪ್ರಾಯ. ಆದರೂ ಅಕ್ಷರಶಃ ಇದೆ ಅಂತ ಹಟ ಹಿಡಿಯಬೇಡಿ.

1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರೂ ಕಥೋಲಿಕರೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರ ದೇವರು ನಮ್ಮನ್ನು ಸ್ವೀಕರಿಸುತ್ತಾನೆ ಅನ್ನುವುದು ಅದರ ತಿರುಳು. ವಿಶ್ವ ಮೆಥಡಿಸ್ಟ್ ಮಂಡಳಿಯೂ 2006ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಆ ಘೋಷಣೆಗೆ ಸೇರಿಕೊಂಡಿತು. ಎಲ್ಲ ಬಗೆಹರಿಯಿತು ಅಂತಲ್ಲ. ಆದರೆ 'ಅವರದು ಕ್ರಿಯೆ, ನಮ್ಮದು ನಂಬಿಕೆ' ಅನ್ನುವುದನ್ನು ಇನ್ನು ಯಾರೂ ಪ್ರಾಮಾಣಿಕವಾಗಿ ಹೇಳಲಾಗದು. ನನಗೆ ಇದು ಮದುವೆಗೆ ಮುಂಚೆ ಗೊತ್ತಿರಬೇಕಿತ್ತು.

ನೀವು ಈಗ ಮಾತಾಡಿಕೊಳ್ಳಬೇಕಾದ್ದು ಮಕ್ಕಳ ವಿಷಯ. ಕಥೋಲಿಕ ನಿಯಮದಂತೆ ಈ ಮದುವೆಗೆ ಧರ್ಮಾಧ್ಯಕ್ಷರ ಕಡೆಯಿಂದ ಅನುಮತಿ ಬೇಕು. ಮಕ್ಕಳಿಗೆ ಕಥೋಲಿಕ ಸಭೆಯಲ್ಲಿ ದೀಕ್ಷಾಸ್ನಾನ ಕೊಡಿಸಿ ಬೆಳೆಸಲು ಕೈಲಾದದ್ದೆಲ್ಲ ಮಾಡುತ್ತೇನೆ ಅಂತ ಹುಡುಗ ಮಾತು ಕೊಡಬೇಕು, ಆ ವಿಷಯ ನಿಮಗೆ ತಿಳಿಸಬೇಕು. ಮಾತು ಕೊಡುವುದು ಅವರೇ, ನೀವಲ್ಲ. ನಿಮಗೆ ಮತ್ತೆ ದೀಕ್ಷಾಸ್ನಾನ ಬೇಕಾಗಿಲ್ಲ, ತ್ರಿಯೇಕ ದೇವರ ಹೆಸರಿನಲ್ಲಿ ನೀರಿನಿಂದ ಆದದ್ದನ್ನು ಅವರು ಒಪ್ಪುತ್ತಾರೆ. ನಿಮ್ಮ ದೀಕ್ಷಾಸ್ನಾನದ ಪ್ರಮಾಣಪತ್ರ ಈಗಲೇ ತೆಗೆಸಿಟ್ಟುಕೊಂಡು, ಇಬ್ಬರೂ ಜೊತೆಯಾಗಿ ಅವರ ಫಾದರ್ ಹತ್ತಿರವೂ ನಿಮ್ಮ ಸಭಾಪಾಲಕರ ಹತ್ತಿರವೂ ಹೋಗಿ ಬನ್ನಿ, ಛತ್ರ ಗೊತ್ತುಮಾಡುವ ಮೊದಲೇ.