ಹತ್ತೊಂಬತ್ತನೆಯ ಸ್ಥಾನದಲ್ಲಿದ್ದ ನಾಯಕತ್ವ

ಬ್ರಹ್ಮಾವರ ಸಮೀಪದ ಓದುಗರೊಬ್ಬರು (ಹೆಸರು ಹಾಕಬೇಡಿ ಎಂದಿದ್ದಾರೆ) ಬರೆದ ಪತ್ರದ ಸಾರ ಇದು: "ಊರಿನ ಮಹಿಳಾ ಹಾಲು ಉತ್ಪಾದಕರ ಸಂಘಕ್ಕೆ ಈ ಸಲ ನನ್ನನ್ನು ಅಧ್ಯಕ್ಷೆ ಮಾಡಿದ್ದಾರೆ. ಲೆಕ್ಕಪತ್ರ ನನಗೆ ಸಲೀಸು. ಮೈಕ್ ಕಂಡರೆ ಗಂಟಲು ಒಣಗುತ್ತದೆ. ಮಗಳು ಮೊಬೈಲಿನಲ್ಲಿ 24 ಗುಣಗಳ ಪರೀಕ್ಷೆಯೊಂದನ್ನು ಮಾಡಿಸಿದಳು. ನ್ಯಾಯಬುದ್ಧಿ, ಮುಂದಾಲೋಚನೆ, ಪ್ರಾಮಾಣಿಕತೆ ಮೇಲೆ ಬಂದವು. ನಾಯಕತ್ವ 19ನೆಯದು. ಈ ಕುರ್ಚಿಗೆ ನಾನು ತಕ್ಕವಳಲ್ಲವೇ? ಭಾಷಣ ಕಲಿಸುವ ತರಗತಿಗೆ ಸೇರಲೇ?"

ಪ್ರಿಯ ಓದುಗರೇ,

ಆ 19 ಎಂಬ ಅಂಕಿ ನಿಮ್ಮ ನಿದ್ದೆ ಕೆಡಿಸಿದಂತಿದೆ, ಆದ್ದರಿಂದ ಅದರಿಂದಲೇ ಶುರುಮಾಡುತ್ತೇವೆ. ನೀವು ಹೇಳುವ ಪಟ್ಟಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕ್ರಿಸ್ಟೋಫರ್ ಪೀಟರ್ಸನ್ ಮತ್ತು ಮಾರ್ಟಿನ್ ಸೆಲಿಗ್‌ಮನ್ 2004ರಲ್ಲಿ ಮುಂದಿಟ್ಟರು. ಅದು ನಿಮ್ಮ 24 ಗುಣಗಳನ್ನು ಒಂದಕ್ಕೊಂದು ಹೋಲಿಸಿ ಸಾಲಾಗಿ ನಿಲ್ಲಿಸುತ್ತದೆ. ಪಕ್ಕದ ಮನೆಯವರ ಜೊತೆ ಹೋಲಿಸುವುದಿಲ್ಲ. ಕೆಳಗಿರುವುದೆಲ್ಲ ದೋಷವೆಂದೂ ಅರ್ಥವಲ್ಲ, ಅದು ನಿಮ್ಮ ಕೈ ತಾನಾಗಿ ಮೊದಲು ಹೋಗುವ ಗುಣವಲ್ಲ, ಅಷ್ಟೆ. ಇನ್ನೊಂದು ಮಾತು: ಆ ಪಟ್ಟಿಯ 'ನಾಯಕತ್ವ'ಕ್ಕೆ ಸಣ್ಣ ಅರ್ಥವಿದೆ. ಗುಂಪನ್ನು ಕಟ್ಟಿ, ಕೆಲಸ ಹಂಚಿ, ಒಳಗೆ ಮನಸ್ತಾಪ ಬರದಂತೆ ನೋಡಿಕೊಳ್ಳುವ ಒಲವು ಅದು. ಅಧ್ಯಕ್ಷೆಯ ಕೆಲಸವಿಡೀ ಅದರಲ್ಲಿ ಅಡಗಿಲ್ಲ. ಆ ಗುಣವನ್ನು ಅವರು ಇಟ್ಟಿರುವುದು ನ್ಯಾಯದ ಗುಂಪಿನಲ್ಲಿ, ನಿಮ್ಮಲ್ಲಿ ಮೊದಲು ಬಂದ ನ್ಯಾಯಬುದ್ಧಿಯ ಪಕ್ಕದಲ್ಲೇ.

ಆದರೂ ಒಂದು ಪರೀಕ್ಷೆಯನ್ನೇ ನಂಬಿ ಕೂರಬೇಡಿ. ಅದಕ್ಕೆ ಉತ್ತರ ಕೊಟ್ಟವರು ನೀವೇ. ಆ ದಿನದ ಮನಸ್ಸು, 'ಹೀಗಿರಬೇಕಿತ್ತು' ಎಂಬ ಆಸೆ ಎರಡೂ ಉತ್ತರದೊಳಗೆ ನುಸುಳುತ್ತವೆ. ಐದನೆಯದಕ್ಕೂ ಎಂಟನೆಯದಕ್ಕೂ ಇರುವ ಅಂತರಕ್ಕೆ ಬೆಲೆ ಕೊಡಬೇಕಾಗಿಲ್ಲ.

ಬೇರೆಯವರ ಕಣ್ಣಿಗೆ ನೀವು ಹೇಗೆ ಕಾಣುತ್ತೀರಿ ಎಂದು ಕೇಳಿ. ಎಂಟು ಹತ್ತು ಜನ ಸಾಕು: ಮನೆಯವರಲ್ಲಿ ಇಬ್ಬರು, ಡೈರಿಗೆ ಹಾಲು ಹಾಕುವವರಲ್ಲಿ ಮೂರು ನಾಲ್ಕು ಮಂದಿ, ಹಳೆಯ ಸಹೋದ್ಯೋಗಿಯೋ ಸ್ವಸಹಾಯ ಸಂಘದ ಗೆಳತಿಯೋ, ಮತ್ತು ನಿಮ್ಮನ್ನು ಕಂಡರೆ ಅಷ್ಟಕ್ಕಷ್ಟೇ ಎನ್ನುವ ಒಬ್ಬರು. "ನಾನು ಹೇಗೆ?" ಎಂದು ಕೇಳಿದರೆ "ಒಳ್ಳೆಯವರು ಮಾರಾಯ್ರೆ" ಎಂಬಲ್ಲಿಗೆ ಮಾತು ಮುಗಿಯುತ್ತದೆ. "ನನ್ನಿಂದ ನಿಮಗೆ ನಿಜವಾಗಿ ಉಪಕಾರವಾದ ಒಂದು ಸಂದರ್ಭ ಹೇಳಿ. ಆಗ ನಾನು ಏನು ಮಾಡಿದ್ದೆ?" ಎಂದು ಕೇಳಿ. ಬರೆಯಲು ಹೇಳಿದರೆ ಹಿಂಜರಿಯುತ್ತಾರೆ, ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸಲಿ, ತುಳುವೋ ಕುಂದಗನ್ನಡವೋ ಅವರ ಮಾತಿನಲ್ಲೇ. ಮೂರು ನಾಲ್ಕು ಕಥೆಗಳಲ್ಲಿ ಒಂದೇ ನಡತೆ ಮರಳಿ ಬಂದರೆ ಅದನ್ನು ಗುರುತು ಹಾಕಿಕೊಳ್ಳಿ.

ಜೊತೆಗೆ ಮೂರು ವಾರ ದಿನಕ್ಕೆರಡು ಸಾಲು ಬರೆಯಿರಿ: ಇವತ್ತು ಹೊತ್ತು ಹೋದದ್ದು ತಿಳಿಯದ ಕೆಲಸ ಯಾವುದು, ನಾಳೆಗೆ ತಳ್ಳಿದ್ದು ಯಾವುದು. ಚೆನ್ನಾಗಿ ಬರುವ ಕೆಲಸವೆಲ್ಲ ನಿಮ್ಮ ಶಕ್ತಿಯಲ್ಲ. ಎಷ್ಟೋ ಹೆಂಗಸರು ಮದುವೆಮನೆಯ ನೂರು ಜನರ ಅಡುಗೆಯನ್ನು ಅಚ್ಚುಕಟ್ಟಾಗಿ ಮುಗಿಸಿ, ಎರಡು ದಿನ ಮಲಗುತ್ತಾರೆ. ಅದು ರೂಢಿಯ ಕೌಶಲ. ಮಾಡಿದ ಮೇಲೂ ಹುರುಪು ಉಳಿಸುವುದು ಬೇರೆ.

ಈ ಗುಣಗಳಿಂದ ಸಂಘ ನಡೆಸುವುದು ಹೇಗೆ? ಡೈರಿಯಲ್ಲಿ ಸಾಮಾನ್ಯವಾಗಿ ಕೇಳುವ ಜಗಳವನ್ನೇ ತೆಗೆದುಕೊಳ್ಳಿ: "ನಮ್ಮ ದನದ ಹಾಲಿಗೆ ಫ್ಯಾಟ್ ಕಡಿಮೆ ಬರೆದಿದ್ದಾರೆ." ಮಾತುಗಾರ ಅಧ್ಯಕ್ಷರಾದರೆ ಸಮಾಧಾನ ಹೇಳಿ ಕಳಿಸಿಬಿಡಬಹುದು, ಮರುವಾರ ದೂರು ಮತ್ತೆ ಬರುತ್ತದೆ. ಮುಂದಾಲೋಚನೆ ಇರುವವರು ಕಾರಣ ಹುಡುಕುತ್ತಾರೆ. ಕರೆಯುವಾಗ ಮೊದಲು ಬರುವ ಹಾಲು ತೆಳು, ಕೊನೆಯ ಹಾಲಿನಲ್ಲಿ ಕೊಬ್ಬು ಹೆಚ್ಚು. ಪೂರ್ತಿ ಕರೆಯದೆ ಬಿಟ್ಟರೆ ಫ್ಯಾಟ್ ಇಳಿಯುತ್ತದೆ. ಎರಡು ಕರೆವಿನ ನಡುವೆ ಅಂತರ ಹೆಚ್ಚಾದರೂ ಹಾಗೆಯೇ. ಪಾತ್ರೆಯನ್ನು ಚೆನ್ನಾಗಿ ಕಲಕದೆ ಮಾದರಿ ತೆಗೆದರೆ ಯಂತ್ರ ತೋರಿಸುವ ಅಂಕಿ ಏರುಪೇರಾಗುತ್ತದೆ, ಯಂತ್ರದೊಳಗೆ ಹಾಲಿನ ಕೊಳೆ ಕಟ್ಟಿದ್ದರೂ ಅಷ್ಟೆ. ಆ ಸದಸ್ಯೆಯ ಕಣ್ಣೆದುರೇ ಕಲಕಿಸಿ, ಎರಡು ಸಲ ಪರೀಕ್ಷೆ ಮಾಡಿಸಿ, ಚೀಟಿ ಕೈಗಿಡಿ. ತಪ್ಪು ಸಂಘದ್ದಾದರೆ ಒಪ್ಪಿಕೊಂಡು ಬಟವಾಡೆಯಲ್ಲಿ ಸರಿಮಾಡಿ. ನಿಮ್ಮ ಮೂರೂ ಗುಣಗಳು ಇಲ್ಲಿ ಒಟ್ಟಿಗೆ ಕೆಲಸ ಮಾಡುತ್ತವೆ, ಒಂದು ಸಾಲಿನ ಭಾಷಣವೂ ಬೇಕಿಲ್ಲ. ಯಕ್ಷಗಾನಕ್ಕೆ ಹೆಸರಾದ ನಿಮ್ಮ ಹಾರಾಡಿ, ಮಟಪಾಡಿಯ ಕಡೆ ಇದನ್ನು ವಿವರಿಸಬೇಕಾಗಿಯೂ ಇಲ್ಲ. ಗೆಜ್ಜೆ ಕಟ್ಟದೆ, ತಾಳ ಹಿಡಿದು ಹಿಮ್ಮೇಳದಲ್ಲಿ ಕೂತು ಇಡೀ ಆಟ ನಡೆಸುವ ಭಾಗವತರನ್ನೇ ಮೊದಲನೆಯ ವೇಷಧಾರಿ ಎನ್ನುತ್ತಾರಲ್ಲ.

ನಮಗೆ ನಿಜವಾಗಿ ಆತಂಕ ಹುಟ್ಟಿಸಿದ್ದು ನಿಮ್ಮ ಪತ್ರದ ಬೇರೊಂದು ಸಾಲು: ಲೆಕ್ಕಪತ್ರ ಸಲೀಸು. ಗುಣ ಅತಿಯಾದಾಗ ಕೆಡುಕು ಹೊರಗಿನವರಿಗೆ ಮೊದಲು ಕಾಣುತ್ತದೆ, ನಮಗೆ ಕೊನೆಗೆ. ಸಂಘದ ದಿನದ ಲೆಕ್ಕ ಕಾರ್ಯದರ್ಶಿಯದು. ಲೆಕ್ಕ ಬಲ್ಲ ಅಧ್ಯಕ್ಷೆ ದಿನಾ ಅವರ ಪುಸ್ತಕ ತೆರೆದು ಕೂತರೆ ಆರು ತಿಂಗಳಲ್ಲಿ ಕಾರ್ಯದರ್ಶಿ ಜವಾಬ್ದಾರಿ ಬಿಟ್ಟುಕೊಡುತ್ತಾರೆ, ಅಥವಾ ಮುನಿಸಿಕೊಳ್ಳುತ್ತಾರೆ. ತಿಂಗಳಿಗೊಮ್ಮೆ, ಗೊತ್ತುಮಾಡಿದ ದಿನ, ಮೂರು ವಿಷಯ ಮಾತ್ರ ನೋಡಿ: ಬಟವಾಡೆ ಬಾಕಿ, ಪಶು ಆಹಾರದ ದಾಸ್ತಾನು, ಕೈಯಲ್ಲಿರುವ ನಗದು. ಮುಂದಾಲೋಚನೆ ಅತಿಯಾದರೆ ತೀರ್ಮಾನ ಮೂರು ಸಭೆ ಮುಂದಕ್ಕೆ ಹೋಗುತ್ತದೆ, ಆದ್ದರಿಂದ ಪ್ರತಿ ವಿಷಯದ ಎದುರು 'ಇಂತಿಷ್ಟರೊಳಗೆ' ಎಂದು ತಾರೀಖು ಬರೆಸಿ. ನ್ಯಾಯಬುದ್ಧಿ ಅತಿಯಾದರೆ, ಕರು ಸತ್ತು ಕಂಗಾಲಾದವಳಿಗೂ ನಿಯಮ ಓದಿಹೇಳುವಂತಾದೀತು. ಅಲ್ಲಿ ದಯೆಯ ಸ್ವಭಾವದ ನಿರ್ದೇಶಕಿಯೊಬ್ಬರ ಮಾತಿಗೆ ಮೊದಲು ಕಿವಿಗೊಡಿ.

ನಿರ್ದೇಶಕಿಯರ ಗುಣಗಳನ್ನೂ ಹೀಗೆಯೇ ಗುರುತಿಸಿ. ಮನೆಮನೆಗೆ ಹೋಗಿ ಮಾತಾಡುವವರಿಗೆ ಹಾಲು ನಿಲ್ಲಿಸಿದ ಸದಸ್ಯರನ್ನು ಮರಳಿ ಕರೆತರುವ ಕೆಲಸ, ಹೊಸದನ್ನು ಕಂಡರೆ ಕುತೂಹಲ ಇರುವವರಿಗೆ ಮೇವಿನ ಬೆಳೆಯ ಪ್ರಯೋಗ. ಹುದ್ದೆಯ ಹೆಸರಿಗಿಂತ ಕೆಲಸದ ಹೆಸರು ಹೇಳಿ ಕೊಡಿ.

ನಿಮ್ಮ ಲೆಕ್ಕಾಚಾರ ಸರಿಯಿತ್ತೇ ಎಂದು ತಿಳಿಯಲು ನಿರ್ವಹಣಾ ಚಿಂತಕ ಪೀಟರ್ ಡ್ರಕರ್ ಹೇಳಿದ ಉಪಾಯ ಸರಳವಾದದ್ದು. ದೊಡ್ಡ ತೀರ್ಮಾನ ಮಾಡಿದ ದಿನವೇ ಏನಾಗಬಹುದೆಂದು ಬರೆದಿಡಿ, 9 ಅಥವಾ 12 ತಿಂಗಳಿಗೆ ತೆರೆದು ನಡೆದದ್ದರೊಂದಿಗೆ ತಾಳೆ ನೋಡಿ. ನೆನಪು ಯಾವಾಗಲೂ ನಮ್ಮ ಪರವೇ ಸಾಕ್ಷಿ ಹೇಳುತ್ತದೆ, ಆದ್ದರಿಂದ ಕಾಗದ ಬೇಕು.

ಇನ್ನು ಭಾಷಣದ ತರಗತಿ. ಈ ವರ್ಷ ಬೇಡ. ಕೆಲಸಕ್ಕೆ ಅಡ್ಡ ಬರುವ ಕೊರತೆಯನ್ನು ಅಡ್ಡಿ ನಿಲ್ಲುವಷ್ಟು ತಿದ್ದಿಕೊಂಡರೆ ಸಾಕು. ಮಹಾಸಭೆಗೆ ನೀವು ಹೇಳಲೇಬೇಕಾದ್ದು ಐದು ವಾಕ್ಯ: ಸ್ವಾಗತ, ವರ್ಷದ ಹಾಲಿನ ಲೆಕ್ಕ, ಲಾಭ ಅಥವಾ ನಷ್ಟ, ಆದ ಒಂದು ತಪ್ಪು, ಮುಂದಿನ ವರ್ಷದ ಒಂದು ಕೆಲಸ. ಉಳಿದದ್ದನ್ನು ಒಂದು ಪುಟದಲ್ಲಿ ಅಚ್ಚುಹಾಕಿಸಿ ಮೂರು ದಿನ ಮೊದಲೇ ಹಾಲು ತರುವವರ ಕೈಗೆ ಕೊಡಿ. ಸಭೆಯ ಬೆಳಿಗ್ಗೆ, ಕುರ್ಚಿಗಳಿನ್ನೂ ಖಾಲಿ ಇರುವಾಗ ಹೋಗಿ, ಅದೇ ಮೈಕಿನಲ್ಲಿ ಆ ಐದು ವಾಕ್ಯಗಳನ್ನು ಎರಡು ಸಲ ಗಟ್ಟಿಯಾಗಿ ಓದಿ. ಗಂಟಲು ಒಣಗಿದರೆ ಕುಡಿಯಲು ಒಂದು ಲೋಟ ಬಿಸಿನೀರು ಪಕ್ಕದಲ್ಲಿರಲಿ.

– ಸಂಪಾದಕರು