ಮನೆ ಹತ್ತಿರ ಗ್ಯಾಸ್ ಬಾವಿ: ನೀರು ಟೆಸ್ಟ್ ಮೊದಲೇ ಆಗಲಿ

ಪ್ರಶ್ನೆ: ನಾವಿರೋದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಪಿಟ್ಸ್‌ಬರ್ಗ್ ಹತ್ತಿರದ ಹಳ್ಳಿಯಲ್ಲಿ. ಕುಡಿಯೋಕೆ ಸ್ವಂತ ಬೋರ್‌ವೆಲ್ ನೀರು. ಮನೆಯಿಂದ ಸುಮಾರು 1,500 ಅಡಿ ದೂರದಲ್ಲಿ ಫ್ರ್ಯಾಕಿಂಗ್‌ಗೆ (ಒತ್ತಡದಲ್ಲಿ ದ್ರವ ನುಗ್ಗಿಸಿ, ಆಳದ ಬಂಡೆ ಬಿರುಕು ಬಿಡಿಸಿ ಗ್ಯಾಸ್ ತೆಗೆಯೋದು) ಬಾವಿ ಕೊರೆಯುತ್ತಾರಂತೆ. ನಮ್ಮ ನೀರು ಟೆಸ್ಟ್ ಮಾಡ್ತೀವಿ ಅಂತ ಕಂಪನಿಯವರು ಕೇಳುತ್ತಿದ್ದಾರೆ. ಒಪ್ಪಬೇಕಾ? ನೀರು ಕೆಟ್ಟರೆ ಯಾರು ಹೊಣೆ?

ಉತ್ತರ: ಒಪ್ಪಿಕೊಳ್ಳಿ. ಬೇಡ ಅಂದರೆ ನಷ್ಟ ನಿಮಗೇ.

2005ರ ಇಂಧನ ಕಾಯ್ದೆ ಫ್ರ್ಯಾಕಿಂಗನ್ನು ಕೇಂದ್ರದ ಕುಡಿಯುವ ನೀರಿನ ಕಾನೂನಿನಿಂದ ಬಹುಮಟ್ಟಿಗೆ ಹೊರಗಿಟ್ಟಿತು. ನುಗ್ಗಿಸುವ ದ್ರವದಲ್ಲಿ ಡೀಸೆಲ್ ಬಳಸಿದರೆ ಮಾತ್ರ ಆ ಕಾನೂನು ಅನ್ವಯ. ಹಾಗಾಗಿ ನಿಮ್ಮನ್ನು ಕಾಯಬೇಕಾದದ್ದು ರಾಜ್ಯದ ಕಾನೂನೇ. ಪಕ್ಕದ ನ್ಯೂಯಾರ್ಕ್ ಇದನ್ನು ನಿಷೇಧಿಸಿದೆ. ಪೆನ್ಸಿಲ್ವೇನಿಯಾ ಅನುಮತಿ ಕೊಟ್ಟು ನಿಯಮ ಹಾಕಿದೆ.

ಆ ನಿಯಮಗಳಲ್ಲಿ ನಿಮಗೆ ಮುಖ್ಯವಾದದ್ದು 2012ರ 'ಆ್ಯಕ್ಟ್ 13'ರಲ್ಲಿದೆ. ಗ್ಯಾಸ್ ಬಾವಿಯಿಂದ 2,500 ಅಡಿಯೊಳಗಿನ ನೀರು, ಕೆಲಸ ಮುಗಿದ 12 ತಿಂಗಳೊಳಗೆ ಕೆಟ್ಟರೆ, ತಪ್ಪು ಕಂಪನಿಯದೇ ಅಂತ ಕಾನೂನು ಮೊದಲೇ ಭಾವಿಸುತ್ತದೆ. ಅಲ್ಲ ಅಂತ ಸಾಬೀತು ಮಾಡೋದು ಅವರ ಕೆಲಸ. ಆದರೆ ಕೊರೆಯುವ ಮುಂಚೆ ಟೆಸ್ಟ್‌ಗೆ ನೀವೇ ಬಿಡಲಿಲ್ಲ ಅಂತಾದರೆ ಅವರು ಅದನ್ನೇ ಹಿಡಿದು ನುಣುಚಿಕೊಳ್ಳಬಹುದು.

ಅವರ ಟೆಸ್ಟೊಂದೇ ಸಾಕು ಅಂತ ಸುಮ್ನಿರಬೇಡಿ. ರಾಜ್ಯದ ಮಾನ್ಯತೆ ಇರುವ ಲ್ಯಾಬ್‌ನಿಂದ ನೀವೂ ಮಾಡಿಸಿ. ಮೀಥೇನ್ (ಬೆಂಕಿ ಹತ್ತುವ ಗ್ಯಾಸ್), ಕ್ಲೋರೈಡ್, ಬೇರಿಯಂ, ಸ್ಟ್ರಾಂಷಿಯಂ, ಕರಗಿದ ಲವಣಗಳು, ಇಷ್ಟನ್ನೂ ನೋಡಲೇಬೇಕು. ಬಾಟಲಿಗೆ ನೀರು ತುಂಬೋದು ಲ್ಯಾಬ್‌ನವರೇ ಆಗಲಿ. ನೀವೇ ತುಂಬಿ ಕೊಟ್ಟ ನೀರಿಗೆ ನಾಳೆ ತಕರಾರು ತೆಗೆಯುತ್ತಾರೆ. ಖರ್ಚಿದೆ, ನಿಜ. ಆದರೆ ಸ್ವಂತ ಬೋರ್‌ವೆಲ್ ನೀರನ್ನು ಈ ರಾಜ್ಯ ತಾನಾಗಿ ಬಂದು ಪರೀಕ್ಷಿಸಲ್ಲ.

ಬಿರುಕು ಬಿಡಿಸುವ ಬಂಡೆ ಬಹಳ ಆಳದಲ್ಲಿರುತ್ತದೆ. ಹೆಚ್ಚಿನ ಭಯ ಇರೋದು ಮೇಲ್ಭಾಗದಲ್ಲೇ: ಬಾವಿಯೊಳಗೆ ಇಳಿಸುವ ಕೇಸಿಂಗ್ ಪೈಪ್ ಸುತ್ತಲಿನ ಸಿಮೆಂಟ್ ಸರಿ ಕೂರದಿದ್ದರೆ ಗ್ಯಾಸ್ ಅಲ್ಲಿಂದ ಅಂತರ್ಜಲಕ್ಕೆ ನುಗ್ಗುತ್ತದೆ. ಇದೇ ರಾಜ್ಯದ ಡಿಮಾಕ್ ಅನ್ನೋ ಊರಲ್ಲಿ ಮನೆಗಳ ಬೋರ್‌ವೆಲ್‌ಗೆ ಮೀಥೇನ್ ಸೇರಿತು. 2009ರ ಹೊಸ ವರ್ಷದ ದಿನ ಒಂದು ಬೋರ್‌ವೆಲ್ ಸಿಡಿದೇ ಹೋಯಿತು.

ಇನ್ನು ದೂರದ ಲೆಕ್ಕ. ಇಲ್ಲಿ ಮನೆಯಿಂದ 500 ಅಡಿ ಬಿಟ್ಟರೆ ಸಾಕು. ಮನೆ ಮಾಲೀಕರು ಒಪ್ಪಿಗೆ ಬರೆದುಕೊಟ್ಟರೆ ಅದಕ್ಕಿಂತಲೂ ಹತ್ತಿರ ಬರಬಹುದು. ನನ್ನ ಪ್ರಕಾರ ಇದು ತೀರಾ ಕಮ್ಮಿ. ಕೊಲರಾಡೋ 2020ರಲ್ಲೇ 2,000 ಅಡಿಯ ನಿಯಮ ತಂದಿತು. ಅದಕ್ಕೇ, ಕಂಪನಿ ಕೊಡುವ ಯಾವ ಕಾಗದಕ್ಕೂ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.

ಮುಂದೆ ನಲ್ಲಿ ನೀರಲ್ಲಿ ಗುಳ್ಳೆ ಬಂದರೆ, ಬಣ್ಣ ಬದಲಾದರೆ ಹತ್ತಿರ ಬೆಂಕಿ ಹಚ್ಚಬೇಡಿ, ಕಿಟಕಿ ತೆರೆಯಿರಿ. ಅವತ್ತೇ ರಾಜ್ಯದ ಪರಿಸರ ಇಲಾಖೆಗೆ ದೂರು ಕೊಡಿ. ಅವರು 10 ದಿನದೊಳಗೆ ತನಿಖೆ ಶುರು ಮಾಡಬೇಕು, 45 ದಿನದೊಳಗೆ ತೀರ್ಮಾನ ಹೇಳಬೇಕು. ತಪ್ಪು ಕಂಪನಿಯದು ಅಂತಾದರೆ ನಿಮಗೆ ಒಳ್ಳೆಯ ನೀರು ಒದಗಿಸೋದು ಅವರ ಹೊಣೆ.